ಕತ್ತಲು ಕೈ

ಕೆಂಜಿಗುಡ್ಡ ಟೀ ಎಸ್ಟೇಟಿನಲ್ಲಿ ಹೆಂಗಸರು ಸೋಪು ಹಾಕಿ ಕೈ ತೊಳೆಯಬಾರದು ಎಂಬ ನಿಯಮ ಬಂದು ಎರಡು ವರ್ಷವಾಗಿತ್ತು. ಸೋಪಷ್ಟೇ ಅಲ್ಲ, ಅರಿಸಿನ, ಸುಣ್ಣ, ಬೂದಿ, ಸೀಗೆಪುಡಿ, ಹುಣಸೆಹಣ್ಣು, ಉಪ್ಪಿನಕಾಯಿ ಜಾಡಿ, ಯಾವುದಕ್ಕೂ ಕೈ ತಾಗಿಸುವಂತಿರಲಿಲ್ಲ. ನಿಷೇಧದ ಪಟ್ಟಿಯನ್ನು ಹಾಜರಿ ಹಾಕುವ ಮಸ್ಟರ್ ಶೆಡ್ಡಿನ ಗೋಡೆಗೆ ಅಂಟಿಸಿ, ಅದರ ಮೇಲೆ ದಪ್ಪಕ್ಷರದಲ್ಲಿ 'ಕೈ ಕೆಸರಾದರೆ ಬಾಯಿ ಮೊಸರು' ಎಂದು ಬರೆಸಿದ್ದರು. ಗಾದೆ ಕಟ್ಟಿದ ಪುಣ್ಯಾತ್ಮ ಇದನ್ನು ನೋಡಿದ್ದರೆ ತನ್ನ ಗಾದೆಯನ್ನು ವಾಪಸ್ ಕೇಳುತ್ತಿದ್ದ.

ಇದೆಲ್ಲ ಶುರುವಾದದ್ದು ಬಳೆರೋಗದಿಂದ. ಎಲೆಯ ಮೇಲೆ ಒಂದರೊಳಗೊಂದು ಬಳೆ ಇಟ್ಟಂತೆ ಕಂದು ಉಂಗುರಗಳು ಮೂಡುತ್ತಿದ್ದವು. ಹದಿನೈದು ದಿನದಲ್ಲಿ ಗಿಡ ಕಡ್ಡಿಯಾಗುತ್ತಿತ್ತು. ಅದೊಂದು ಬೂಷ್ಟು. ತಾಮ್ರದ ಔಷಧಿಗೆ ಜಗ್ಗಲಿಲ್ಲ, ಹೊಸ ಔಷಧಿಗಳಿಗೂ ಜಗ್ಗಲಿಲ್ಲ. ಚಿಗುರು ಕೊಯ್ದ ಗಾಯದಿಂದಲೇ ಅದು ಗಿಡದೊಳಕ್ಕೆ ನುಗ್ಗುತ್ತದೆ ಎಂದು ಕಂಪನಿಯ ವಿಜ್ಞಾನಿ ಡಾಕ್ಟರ್ ವಸುಧಾ ಐತಾಳರು ಕಂಡುಹಿಡಿದರು. ಆ ಬೂಷ್ಟನ್ನು ಕೊಲ್ಲುವ ಬ್ಯಾಕ್ಟೀರಿಯವನ್ನೂ ಅವರೇ ಒಂದು ಹಳೆಯ ಗಿಡದ ಬೇರಿನ ಮಣ್ಣಿನಲ್ಲಿ ಹುಡುಕಿದರು. ಆದರೆ ಅದನ್ನು ಸಿಂಪಡಿಸಿದರೆ ಮಳೆ ತೊಳೆಯುತ್ತಿತ್ತು, ಬಿಸಿಲು ಸುಡುತ್ತಿತ್ತು. ಗಾಯವಾದ ಕ್ಷಣವೇ ಗಾಯದ ಮೇಲೆ ಔಷಧಿ ಬೀಳಬೇಕು; ಗಾಯ ಮಾಡುವುದು ಯಾವುದು? ಕೊಯ್ಯುವ ಹೆಂಗಸಿನ ಬೆರಳು. ಹಾಗಾದರೆ ಬ್ಯಾಕ್ಟೀರಿಯವನ್ನು ಬೆರಳಿನ ಮೇಲೆಯೇ ಸಾಕಿದರೆ?

ಕೇಳುವುದಕ್ಕೆ ಎಷ್ಟು ಚೆಂದ! ಪ್ರಶಸ್ತಿಯೂ ಬಂತು. ಕಂಪನಿ ಇದಕ್ಕೆ 'ಜೀವಹಸ್ತ' ಎಂದು ಹೆಸರಿಟ್ಟಿತು. ಹೆಂಗಸರು 'ಹುಳ' ಎಂದರು. ದಿನಾ ಬೆಳಗ್ಗೆ ಶೆಡ್ಡಿನ ಮುಂದಿನ ಸ್ಟೀಲ್ ತೊಟ್ಟಿಯಲ್ಲಿ, ಬೆಲ್ಲ ಮತ್ತು ಯೀಸ್ಟಿನ ಗಂಜಿಯಲ್ಲಿ ಬೆಳೆದ ಹುಳದೊಳಗೆ ಮೊಣಕೈವರೆಗೆ ಕೈ ಅದ್ದಬೇಕು. ಆಮೇಲೆ ಕಪ್ಪು ಪರದೆಯ ಗೂಡಿನೊಳಗೆ ಹೋಗಿ ನೇರಳೆ ದೀಪದ ಕೆಳಗೆ ಕೈ ಚಾಚಬೇಕು. ಹುಳ ಚೆನ್ನಾಗಿ ಹಿಡಿದ ಕೈ ನೀಲಿಹಸಿರಾಗಿ ಹೊಳೆಯುತ್ತದೆ; ಅದು 'ಬೆಳಕು'. ಹೊಳೆಯದಿದ್ದರೆ 'ಕತ್ತಲು', ಆ ದಿನ ಕೆಲಸವಿಲ್ಲ. ಮೂರು ತಿಂಗಳಲ್ಲಿ ಹತ್ತು ಕತ್ತಲು ಬಿದ್ದರೆ ರಿಜಿಸ್ಟರಿನಿಂದ ಹೆಸರು ಹೊಡೆಯುತ್ತಾರೆ, ಕಂಪನಿ ಕೂಲಿಯವರಿಗೆ ಕೊಟ್ಟ ಸಾಲುಮನೆ, ಅಂದರೆ ಲೈನ್ ಮನೆ, ಬಿಡಬೇಕು.

ಆ ದೀಪ ಹಿಡಿಯುವ ಕೆಲಸ ಜಲಜಳದು. ಇದೇ ಲೈನಿನಲ್ಲಿ ಹುಟ್ಟಿ ಪಿಯುಸಿಯಲ್ಲಿ ವಿಜ್ಞಾನ ಓದಿ ಲ್ಯಾಬಿಗೆ ಸೇರಿದವಳು. ಗಂಡ ತೀರಿಕೊಂಡ ಮೇಲೆ ತಾಯಿಯ ಲೈನ್ ಮನೆಯಲ್ಲೇ ಇದ್ದಳು. ಲ್ಯಾಬಿನಲ್ಲಿ ಅವಳು ಗುತ್ತಿಗೆಯ ಅಟೆಂಡರ್. ಅವಳಿಗೆ ಮನೆ ಇರಲಿಲ್ಲ. ಮನೆ ಇದ್ದದ್ದು ತಾಯಿ ಹೂವಮ್ಮನ ಹೆಸರಿನಲ್ಲಿ.

ಆ ಮಂಗಳವಾರ ಬೆಳಗ್ಗೆ ಸಾಲು ಸಾಗುತ್ತಾ ಬಂದು ಹೂವಮ್ಮನ ಸರದಿ ಬಂತು. ಪರದೆಯೊಳಗೆ ಬಂದವಳು ಎರಡೂ ಕೈಯನ್ನು ದೀಪದ ಕೆಳಗೆ ಇಟ್ಟು ಮಗಳ ಮುಖವನ್ನೇ ನೋಡಿದಳು.

ಕೈ ಹೊಳೆಯಿತು. ಸಂಪಿಗೆಯ ಹಾಗೆ ಹಳದಿಯಾಗಿ ಹೊಳೆಯಿತು. ಅದು ಅರಿಸಿನ. ಅರಿಸಿನವೂ ಈ ದೀಪದಲ್ಲಿ ಬೆಳಗುತ್ತದೆ. ಆದರೆ ಹುಳದ ಬಣ್ಣ ನೀಲಿಹಸಿರು. ಅಷ್ಟು ಬೆಳಗುವ ಕೈಯನ್ನೂ ರಿಜಿಸ್ಟರಿನಲ್ಲಿ ಕತ್ತಲು ಎಂದೇ ಬರೆಯಬೇಕು.

"ಅವ್ವಾ, ಇದು ಎಂಟನೇದು," ಎಂದಳು ಜಲಜ, ಹಲ್ಲು ಕಚ್ಚಿಕೊಂಡು.

"ಲೆಕ್ಕ ನಂಗೂ ಬರುತ್ತೆ."

"ಇನ್ನೆರಡು ಬಿದ್ರೆ ಮನೆ ಬಿಡ್ಬೇಕು."

"ಬರ್ಕೋ ಬರ್ಕೋ. ಹಿಂದೆ ಜನ ಕಾಯ್ತಾವ್ರೆ," ಎಂದು ಹೂವಮ್ಮ ಸೆರಗು ಕೊಡವಿ ಹೊರಟೇಹೋದಳು.

ಮುಂದಿನವಳು ಕುಸುಮ. ಅವಳ ಕೈ ಇಡೀ ಗೂಡನ್ನೇ ಬೆಳಗಿಸಿತು. ಸತತ ಎಂಟು ತಿಂಗಳು ಅತಿ ಹೆಚ್ಚು ಹೊಳಪಿನ ಕೈ ಎಂದು ಅವಳಿಗೇ ಬಹುಮಾನ. ಅವಳ ಫೋಟೋ ಶೆಡ್ಡಿನಲ್ಲಿ ತೂಗುತ್ತಿತ್ತು. ಜಲಜ 'ಬೆಳಕು' ಎಂದು ಬರೆದುಕೊಂಡಳು. ಕುಸುಮ ಬುಟ್ಟಿ ಬೆನ್ನಿಗೇರಿಸಿಕೊಂಡು ಹೋದಳು.

ಕುಸುಮಳ ಕೈ ಯಾಕೆ ಅಷ್ಟು ಬೆಳಗುತ್ತದೆ ಎಂಬುದು ಲೈನಿಗೆಲ್ಲ ಗೊತ್ತಿತ್ತು. ಹೋದ ಶ್ರಾವಣದಲ್ಲಿ ಅವಳಿಗೆ ಗಂಡು ಮಗು ಹುಟ್ಟಿತ್ತು. ಹನ್ನೆರಡು ದಿನಕ್ಕೇ ಕೆಲಸಕ್ಕೆ ಬಂದಳು. ನಿಯಮ ಅಂದರೆ ನಿಯಮ ಎಂದು ಕೈಗೆ ನೀರು ಬಿಟ್ಟು ಬೇರೇನೂ ಸೋಕಿಸಲಿಲ್ಲ. ಮಗುವಿನ ಹೊಕ್ಕುಳು ಇನ್ನೂ ಪೂರ್ತಿ ಒಣಗಿರಲಿಲ್ಲ. ಅದು ಕೀವಾಯಿತು, ಜ್ವರ ಬಂತು, ಆರನೇ ದಿನ ಮಗು ಹೋಯಿತು. ಹುಳ ಮನುಷ್ಯರಿಗೆ ನಿರಪಾಯ ಎಂದು ಕಂಪನಿ ಮೊದಲೇ ಹೇಳಿತ್ತು, ಆಮೇಲೂ ಹೇಳಿತು. ಹಾಗಾದರೆ ಮಗು ಹೇಗೆ ಸತ್ತಿತು ಅಂದರೆ ಎಸ್ಟೇಟಿನ ಡಾಕ್ಟರು ಕಾಗದದಲ್ಲಿ ಬರೆದುಕೊಟ್ಟರು: ತಾಯಿಯು ಕೈಗಳ ಸ್ವಚ್ಛತೆ ಕಾಪಾಡದಿರುವುದು.

ಆ ಕಾಗದ ಓದಿ ಹೇಳಿದವಳು ಜಲಜಳೇ. ಕೈ ತೊಳೆದರೆ ಹೆಸರು ಹೊಡೆಯುತ್ತೇವೆ ಎಂದವರೂ ಇವರೇ, ಕೈ ತೊಳೆಯದೆ ಮಗು ಕೊಂದೆ ಎಂದವರೂ ಇವರೇ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ. ಅವತ್ತು ಕುಸುಮ ಅಳಲಿಲ್ಲ; ಮಾರನೇ ದಿನ ಕೆಲಸಕ್ಕೆ ಬಂದಳು. ಕೈ ತೊಳೆಯಲು ಅವಳ ಮನೆಯಲ್ಲಿ ಇನ್ನು ಕಾರಣವಿರಲಿಲ್ಲ. ಆ ತಿಂಗಳಿಂದ ಬಹುಮಾನವೆಲ್ಲ ಅವಳದೇ.

ಆ ದಿನದಿಂದಲೇ ಹೂವಮ್ಮ ಮತ್ತೆ ಅರಿಸಿನ ಮುಟ್ಟಿದ್ದು. ನಲವತ್ತು ವರ್ಷದಿಂದ ಆರೂ ಲೈನಿನ ಹಸುಗೂಸುಗಳಿಗೆ ಎರೆಯುವ ಕೈ ಅವಳದು. ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಮಗು ಮಲಗಿಸಿ, ಎಣ್ಣೆ ತೀಡಿ, ಕಡಲೆಹಿಟ್ಟು ಅರಿಸಿನ ಹಚ್ಚಿ ಬಿಸಿನೀರು ಹುಯ್ಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಜಲಜಳ ಮೈಗೂ ಹುಯ್ದವಳು ಅವಳೇ, ಕುಸುಮಳಿಗೂ ಅವಳೇ. ನಿಯಮ ಬಂದ ಮೇಲೆ ವರ್ಷಕ್ಕೂ ಮಿಕ್ಕಿ ಅವಳೂ ಹೆದರಿ ಬಿಟ್ಟಿದ್ದಳು. ಕುಸುಮಳ ಮಗು ಹೋಗಿದ್ದು ಆ ಅವಧಿಯಲ್ಲೇ.

ಮಂಗಳವಾರ ಸಂಜೆ ಜಲಜ ಮನೆಗೆ ಬಂದಾಗ ಹಿತ್ತಲಿನ ಬಚ್ಚಲಿಂದ ಮಗುವಿನ ಅಳು ಕೇಳುತ್ತಿತ್ತು. ಹೆರಿಗೆಗೆ ಬಂದಿದ್ದ ತಂಗಿ ಸುಮಿಯ ಇಪ್ಪತ್ತೆರಡು ದಿನದ ಮಗಳು. ಹೂವಮ್ಮ ಎರೆಯುತ್ತಿದ್ದಳು. ಮೈಯೆಲ್ಲ ಕೆಂಪಾಗಿ ಮಗು ಕಿರುಚುತ್ತಿದ್ದರೂ ಅಜ್ಜಿಯ ಕೈ ಮಾತ್ರ ನಿಧಾನವಾಗಿ ಬೆನ್ನ ಮೇಲೆ ಓಡಾಡುತ್ತಿತ್ತು.

"ನಾನೇ ಎರೀತೀನಿ ಬಿಡವ್ವ, ಇನ್ನೊಂದು ತಿಂಗಳು," ಎಂದಳು ಜಲಜ.

"ಸ್ಪಿರಿಟ್ ವಾಸ್ನೆ ಕೈಲಾ? ಮಗು ಹಿಡಿಯೋಕೇ ಬರಲ್ಲ ನಿಂಗೆ. ಮೊನ್ನೆ ಕತ್ತು ಜೋತು ಹಾಕ್ಬಿಟ್ಟಿದ್ದೆ."

ಸುಮಿ ಬಾಗಿಲಲ್ಲಿ ನಿಂತು ಸಣ್ಣಗೆ ಹೇಳಿದಳು. "ನಾನು ಊರಿಗೆ ಹೊರಟ್ಹೋಗ್ತೀನಿ ಅಕ್ಕಾ. ನನ್ನಿಂದ ಮನೆ ಹೋಗೋದ್ ಬೇಡ."

"ಮುಚ್ಚೇ ಬಾಯಿ," ಎಂದಳು ಹೂವಮ್ಮ. "ನೀನು ಹೋದ್ರೆ ಎರಡನೇ ಲೈನಲ್ಲಿ ಒಂದು, ಐದನೇ ಲೈನಲ್ಲಿ ಅವಳಿಜವಳಿ ಐತೆ. ಅವನ್ನೂ ಊರಿಗೆ ಕಳ್ಸ್ತೀಯ? ಹುಳದ ಕೈಲಿ ನಾನು ಕೂಸು ಮುಟ್ಟಲ್ಲ. ಮುಟ್ಟದೆ ಇರೋಕೂ ಆಗಲ್ಲ. ಒಂದ್ಸಲ ಹೆದರಿದ್ದು ಸಾಕು."

ಜಲಜಳಿಗೆ ತಾಯಿಯ ಮೇಲೆ ಸಿಟ್ಟು ಬಂತು. ಮುದುಕಿಗೆ ಹಟ, ಮನೆ ಹೋದರೆ ಮೂರು ಹೆಂಗಸರು ಒಂದು ಕೂಸು ಎಲ್ಲಿಗೆ ಹೋಗಬೇಕು? ಆದರೆ ಆ ಸಿಟ್ಟಿನ ಬುಡ ಎಲ್ಲಿದೆ ಎಂದು ಅವಳಿಗೂ ಗೊತ್ತಿತ್ತು. ದೀಪ ಹಿಡಿದದ್ದು ತಾನು. ಎಂಟು ಸಲವೂ ತನ್ನ ಕೈಬರಹವೇ.

ಬುಧವಾರ ಹೂವಮ್ಮನ ಕೈ ಹೇಗೋ ಮಬ್ಬಾಗಿ ಹಸಿರು ತೋರಿ ಪಾಸಾಯಿತು. ಅವಳು ಹದಿನಾಲ್ಕನೇ ಬ್ಲಾಕಿಗೆ ಹೋದಳು. ಅದು ಮೇಲುಗಡೆಯ ಕಡಿದಾದ ಇಳಿಜಾರು; ಅವಳು ಮತ್ತು ಅವಳ ಓರಗೆಯ ಎಂಟು ಜನ ಮುದುಕಿಯರು ಬಿಟ್ಟರೆ ಬೇರೆ ಯಾರೂ ಅಲ್ಲಿ ಕೊಯ್ಯುತ್ತಿರಲಿಲ್ಲ. ಅವರೆಲ್ಲರ ಕೈಯೂ ಮಬ್ಬೇ. ಬೆಳಗ್ಗೆ ತೊಟ್ಟಿಯಲ್ಲಿ ಬೆರಳ ತುದಿ ಅದ್ದಿದಂತೆ ಮಾಡಿ, ಸಂಜೆ ಮನೆಗೆ ಹೋಗಿ ತಿಕ್ಕಿ ತೊಳೆಯುವ ಹಳೇ ತಲೆಗಳು.

ಹತ್ತು ಗಂಟೆಗೆ ಮ್ಯಾನೇಜರ್ ಸುದರ್ಶನ ಕಂಟ್ರೋಲ್ ರೂಮಿನಲ್ಲಿ ಸಭೆ ಕರೆದರು. ಗೋಡೆಯ ತುಂಬಾ ಪರದೆ. ಡ್ರೋನ್ ತೆಗೆದ ಎಸ್ಟೇಟಿನ ನಕ್ಷೆ. ಜಲಜ ಮೂಲೆಯಲ್ಲಿ ರಿಜಿಸ್ಟರ್ ಹಿಡಿದು ನಿಂತಳು. ವಸುಧಾ ಐತಾಳರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

ನಕ್ಷೆಯಲ್ಲಿ ಒಂಬತ್ತು, ಹತ್ತು, ಹನ್ನೊಂದನೇ ಬ್ಲಾಕುಗಳು ಕೆಂಪಾಗಿದ್ದವು. ಬಳೆರೋಗ ಮರಳಿ ಬಂದಿತ್ತು.

"ಎರಡು ವರ್ಷದ ಶ್ರಮ ಮಣ್ಣುಪಾಲು," ಎಂದರು ಸುದರ್ಶನ. "ಬೇರೆ ಒಂಬತ್ತು ಎಸ್ಟೇಟ್ ನಮ್ಮ ಜೀವಹಸ್ತ ತಗೊಳೋಕೆ ಸಾಲಲ್ಲಿ ನಿಂತಿವೆ. ಇಲ್ಲಿ ಈ ಹೆಂಗಸರು ಕದ್ದುಮುಚ್ಚಿ ಕೈ ತೊಳ್ಕೊಂಡು ರೋಗ ಹಬ್ಬಿಸ್ತಿದ್ದಾರೆ. ಸೋಮವಾರ ನಾನೇ ಮಸ್ಟರಿಗೆ ಬರ್ತೀನಿ. ಹತ್ತು ಕತ್ತಲಾದೋರ ಹೆಸರು ಎಲ್ಲರ ಮುಂದೆ ಹೊಡೀಬೇಕು."

ಜಲಜ ನಕ್ಷೆ ನೋಡುತ್ತಿದ್ದಳು. ಒಂಬತ್ತು, ಹತ್ತು, ಹನ್ನೊಂದು ಅಂದರೆ ಕುಸುಮಳ ಗ್ಯಾಂಗು ಕೊಯ್ಯುವ ಜಾಗ. ಎಸ್ಟೇಟಿನಲ್ಲೇ ಅತಿ ಹೆಚ್ಚು ಹೊಳೆಯುವ ಕೈಗಳು. ಹದಿನಾಲ್ಕನೇ ಬ್ಲಾಕಿನಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಇರಲಿಲ್ಲ.

"ಸಾರ್," ಎಂದಳು. "ರೋಗ ಬಂದಿರೋದು ಬೆಳಕಿನ ಕೈಯೋರ ಬ್ಲಾಕಲ್ಲಿ. ಕತ್ತಲು ಕೈಯೋರ ಬ್ಲಾಕ್ ಚೆನ್ನಾಗೇ ಇದೆ."

ಸುದರ್ಶನ ಅವಳನ್ನು ನೋಡಲೂ ಇಲ್ಲ, ವಸುಧಾ ಅವರತ್ತ ತಿರುಗಿದರು. ವಸುಧಾ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ, "ಹದಿನಾಲ್ಕು ಎತ್ತರದಲ್ಲಿದೆ. ಗಾಳಿ ಜಾಸ್ತಿ, ಎಲೆ ಬೇಗ ಒಣಗುತ್ತೆ," ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಗಾಳಿ ಹನ್ನೊಂದನೇ ಬ್ಲಾಕಿಗೂ ಬೀಸುತ್ತದೆ. ಲ್ಯಾಬಿಗೆ ಸೇರುವ ಮೊದಲು ಜಲಜ ಅಲ್ಲಿಯೇ ಮೂರು ವರ್ಷ ಕೊಯ್ದಿದ್ದಳು. ಯಾವ ಗಾಳಿ ಎಲ್ಲಿ ಎಂದು ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ.

ಸಂಜೆ ಸೊಪ್ಪು ತೂಗುವ ಜಾಗದಲ್ಲಿ ಹತ್ತಿ ಸುತ್ತಿದ ಕಡ್ಡಿ ಹಿಡಿದು ನಿಂತಳು. ಲ್ಯಾಬಿನಿಂದ ಬಂದದ್ದು ಎಂದರೆ ಯಾರೂ ಕೇಳುವುದಿಲ್ಲ. ಕುಸುಮಳ ಬೆರಳು ಒರೆಸಿಕೊಂಡಳು. ತೊಟ್ಟಿಯ ಗಂಜಿಯಲ್ಲಿ ಒಂದು ಕಡ್ಡಿ ಅದ್ದಿದಳು. ಹೂವಮ್ಮ ಬುಟ್ಟಿ ಇಳಿಸಿದ ಕೂಡಲೇ, ಮನೆಗೆ ಹೋಗಿ ತೊಳೆಯುವ ಮೊದಲು, ಅವಳ ಹೆಬ್ಬೆರಳು ತೋರುಬೆರಳನ್ನೂ ಒರೆಸಿದಳು.

"ಇದ್ಯಾವ ಪೂಜೆನೇ?" ಎಂದಳು ಹೂವಮ್ಮ.

"ಸುಮ್ನಿರವ್ವ."

ಲ್ಯಾಬಿನಲ್ಲಿ ಎಲ್ಲರೂ ಹೋದ ಮೇಲೆ ಮೂರು ತಟ್ಟೆ ಸಿದ್ಧ ಮಾಡಿದಳು. ಗಾಜಿನ ತಟ್ಟೆಯಲ್ಲಿ ಹುಳ ಬೆಳೆಯಲು ಹೆಪ್ಪುಗಟ್ಟಿಸಿದ ಅಗರಿನ ಲೋಳೆ. ನಡುವೆ ಬಳೆರೋಗದ ಬೂಷ್ಟಿನ ಚೂರು. ಅಂಚಿನಲ್ಲಿ ಕಡ್ಡಿಯಿಂದ ಒಂದು ಗೆರೆ. ಹುಳದಲ್ಲಿ ಶಕ್ತಿಯಿದ್ದರೆ ಬೂಷ್ಟು ಗೆರೆಯಿಂದ ದೂರವೇ ನಿಲ್ಲಬೇಕು. ಈ ಪರೀಕ್ಷೆಯನ್ನು ಅವಳು ಮೊದಲ ವರ್ಷ ನೂರಾರು ಸಲ ಮಾಡಿದ್ದಳು. ಆಮೇಲೆ ದೀಪ ಬಂತು, ತಟ್ಟೆ ನಿಂತಿತು. ದೀಪಕ್ಕೆ ಒಂದು ಕ್ಷಣ ಸಾಕು, ತಟ್ಟೆಗೆ ಮೂರು ದಿನ ಬೇಕು. ಇನ್ನೂರ ಹನ್ನೆರಡು ಕೈಗೆ ಮೂರು ದಿನ ಯಾರು ಕಾಯುತ್ತಾರೆ?

ಗುರುವಾರ ಹೂವಮ್ಮನಿಗೆ ಒಂಬತ್ತನೇ ಕತ್ತಲು ಬಿತ್ತು.

ಶನಿವಾರ ಬೆಳಗ್ಗೆ ಜಲಜ ತಟ್ಟೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ತೊಟ್ಟಿಯ ಗೆರೆಯ ಮೇಲೆ ಬೂಷ್ಟು ಹತ್ತಿ ದಾಟಿ ಹೋಗಿತ್ತು. ಕುಸುಮಳ ಗೆರೆ ಕಾಣುತ್ತಲೇ ಇರಲಿಲ್ಲ, ಬೂದು ಕಂಬಳಿ ಹೊದ್ದಿತ್ತು. ಹೂವಮ್ಮನ ಗೆರೆ ತೆಳ್ಳಗಿತ್ತು, ದೀಪಕ್ಕೆ ಹಿಡಿದರೆ ಕಂಡೂ ಕಾಣದಷ್ಟು ಮಬ್ಬು. ಆದರೆ ಬೂಷ್ಟು ಅದರಿಂದ ಒಂದು ಬೆರಳು ದೂರದಲ್ಲೇ ಗೋಡೆ ಕಟ್ಟಿದ ಹಾಗೆ ನಿಂತುಬಿಟ್ಟಿತ್ತು.

ಬೆಳ್ಳಗಿರೋದೆಲ್ಲ ಹಾಲಲ್ಲ. ಜಲಜ ತಟ್ಟೆಗಳನ್ನು ಎತ್ತಿಕೊಂಡು ನೇರ ವಸುಧಾ ಅವರ ಕೋಣೆಗೆ ಹೋಗಿ ಮೇಜಿನ ಮೇಲೆ ಇಟ್ಟಳು.

ವಸುಧಾ ನೋಡಿದರು. ಆಶ್ಚರ್ಯಪಡಲಿಲ್ಲ. ಅದೇ ಜಲಜಳಿಗೆ ಮೊದಲು ತಟ್ಟಿದ್ದು.

"ನಿಮಗೆ ಗೊತ್ತಿತ್ತಾ ಮೇಡಂ?"

"ಬಾಗಿಲು ಹಾಕು," ಎಂದರು ಅವರು. "ಅನುಮಾನ ಇತ್ತು. ಹುಳ ಎರಡು ಕೆಲಸ ಮಾಡುತ್ತೆ, ನಿಂಗೆ ಗೊತ್ತಲ್ಲ. ಹೊಳೆಯೋ ಬಣ್ಣ ಒಂದು. ಅದು ಸುತ್ತಲಿನ ಕಬ್ಬಿಣದ ಅಂಶ ಹಿಡಿಯೋದಕ್ಕೆ. ಇನ್ನೊಂದು ವಿಷ, ಬೂಷ್ಟನ್ನ ಕೊಲ್ಲೋದು ಅದು. ವಿಷ ಮಾಡೋದು ಖರ್ಚಿನ ಕೆಲಸ. ಮಣ್ಣಲ್ಲಿ, ಎಲೆ ಮೇಲೆ ಶತ್ರು ಇರ್ತಾರೆ, ಮಾಡ್ಲೇಬೇಕು. ತೊಟ್ಟಿಲಿ ಶತ್ರು ಎಲ್ಲಿದಾನೆ? ಬೆಲ್ಲದ ಗಂಜಿ. ವಿಷಕ್ಕೆ ಆಜ್ಞೆ ಕೊಡೋ ಜೀನ್ ಕೆಟ್ಟ ಹುಳಗಳು ಕೂತು ಉಂಡು ಬೇಗ ಬೇಗ ಮರಿ ಹಾಕ್ತವೆ. ಅವು ವಿಷ ಮಾಡಲ್ಲ, ಆದ್ರೆ ಬಣ್ಣ ಇನ್ನೂ ಜಾಸ್ತಿ ಮಾಡ್ತವೆ."

"ಅಂದ್ರೆ ನಾವು ದೀಪ ಹಿಡಿದು ಆರಿಸಿದ್ದು..."

"ಸೋಮಾರಿಗಳನ್ನ," ಎಂದರು ವಸುಧಾ.

"ಯಾವಾಗಿಂದ ಗೊತ್ತು?"

ಅವರು ಕನ್ನಡಕ ಒರೆಸಿದರು. ಜಲಜ ಮತ್ತೆ ಕೇಳಿದಳು.

"ಹೋದ ವರ್ಷ, ಮಳೆಗಾಲದ ಮುಂಚೆ. ತೊಟ್ಟಿಲಿ ನೋಡಿದ್ದೆ. ಆಗ ಹೇಳಿದ್ರೆ ಬೇರೆ ಎಸ್ಟೇಟಿನೋರು ಹಿಂದೆ ಸರೀತಿದ್ರು. ಸರಿ ಮಾಡ್ಕೊಂಡು ಆಮೇಲೆ ಹೇಳೋಣ ಅಂತಿದ್ದೆ."

ಹೋದ ವರ್ಷ, ಮಳೆಗಾಲದ ಮುಂಚೆ. ಕುಸುಮಳ ಮಗು ಹುಟ್ಟಿದ್ದು ಶ್ರಾವಣದಲ್ಲಿ. ಜಲಜಳಿಗೆ ಆ ಮೇಜನ್ನು ಬುಡಮೇಲು ಮಾಡಬೇಕೆನಿಸಿತು. ಈ ಹೆಂಗಸು ಓದಿದವಳು, ಒಳ್ಳೆಯವಳು, ತನ್ನ ಹೆಸರು ಹಿಡಿದು ಕರೆಯುವವಳು, ದೀಪಾವಳಿಗೆ ಲೈನಿನ ಮಕ್ಕಳಿಗೆ ಪೆನ್ಸಿಲ್ ಕೊಡುವವಳು. ಸುದರ್ಶನನಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಇಂಥವರ ಮೇಲಿನ ಸಿಟ್ಟು ಹೊಟ್ಟೆಯೊಳಗೇ ಕೊಳೆಯುತ್ತದೆ.

ವಸುಧಾ ಆಗಲೇ ಹೂವಮ್ಮನ ತಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಮ್ಯಾನೇಜರಿಗೆ ಫೋನು ಮಾಡುತ್ತಿದ್ದರು. ಹೂವಮ್ಮನ ಕೈಗೆ ಬಂದದ್ದು ಎಲೆಯ ಮೇಲೆ ಉಳಿದ ಮೊದಲ ವರ್ಷದ ಅಸಲಿ ಹುಳ. ಪ್ರತಿದಿನ ತೊಳೆದು, ಪ್ರತಿದಿನ ಗಿಡದಿಂದಲೇ ಹೊಸದಾಗಿ ಹತ್ತಿಸಿಕೊಂಡದ್ದು. ಅದನ್ನು ಮತ್ತೆ ತೊಟ್ಟಿಯಲ್ಲಿ ಬೆಳೆಸಿದರಾಯಿತು ಎಂದು ಅವರು ಹೇಳುತ್ತಿದ್ದರು.

"ಆರು ತಿಂಗಳಲ್ಲಿ ಅದೂ ಸೋಮಾರಿ ಆಗುತ್ತೆ," ಎಂದಳು ಜಲಜ.

"ಅದಕ್ಕೇ ನಿನ್ನ ತಾಯಿ ಬೇಕು. ಮೂಲ ಕೈ ಅಂತ ಇಟ್ಕೊಳ್ತೀವಿ. ವಾರಕ್ಕೊಮ್ಮೆ ಅವರ ಕೈಯಿಂದ ಹೊಸ ಹುಳ ತೆಗೀತೀವಿ. ಹತ್ತನೇ ಕತ್ತಲು ಬೀಳಲ್ಲ. ಮನೆ ಜೀವನಪರ್ಯಂತ ಅವರದೇ, ಸಾಹೇಬರು ಒಪ್ಪಿದಾರೆ. ಆದ್ರೆ ಕೈಗೆ ಅರಿಸಿನ, ಸೋಪು ತಾಗಬಾರದು. ಮಗು ಗಿಗು ಎರೆಯೋದು ನಿಲ್ಲಿಸ್ಬೇಕು. ಸೋಮವಾರ ಹೆಬ್ಬೆಟ್ಟು ಒತ್ತಿಸ್ಕೋ."

"ಅವ್ವ ತೊಳೆಯೋದ್ರಿಂದ ತಾನೇ ಮೇಡಂ ಅದು ಉಳಿದಿದ್ದು?"

"ಅದನ್ನೆಲ್ಲ ಲ್ಯಾಬಲ್ಲಿ ನೋಡ್ಕೊಳ್ಳೋಣ."

"ಉಳಿದೋರು? ಕೈ ತೊಳೆಯೋಕೆ ಬಿಡ್ತೀರಾ?"

"ಹಾಗೆ ಬಿಟ್ರೆ ಇಷ್ಟು ದಿನ ತಪ್ಪು ಮಾಡಿದ್ವಿ ಅಂತ ಒಪ್ಕೊಂಡ ಹಾಗಾಗುತ್ತಲ್ಲ ಜಲಜ," ಎಂದರು ವಸುಧಾ, ಮಗುವಿಗೆ ತಿಳಿಹೇಳುವ ಧ್ವನಿಯಲ್ಲಿ. ಮೇಜಿನ ಮೇಲೆ ಉಳಿದಿದ್ದ ತಟ್ಟೆಗಳನ್ನು ಜಲಜ ಎತ್ತಿಕೊಂಡು ಹೊರಬಂದಳು.

ಮನೆಗೆ ಬಂದು ಜಲಜ ಇದನ್ನೆಲ್ಲ ಹೇಳಿದಳು. ಹೇಳುವಾಗ ಕೊನೆಯ ಮಾತಿಗೆ ಬಂದು ಅವಳ ಧ್ವನಿ ಸ್ವಲ್ಪ ಮೆತ್ತಗಾಯಿತು. "ಮನೆ ಜೀವನಪರ್ಯಂತ ಅಂತೆ ಅವ್ವಾ. ಯೋಚ್ನೆ ಮಾಡು." ಹೇಳಿದ ಮೇಲೆ ತನಗೇ ನಾಚಿಕೆಯಾಯಿತು.

ಹೂವಮ್ಮ ಒಲೆಯ ಮುಂದೆ ಕೂತಿದ್ದವಳು ತಿರುಗಿದಳು. ಮುಖ ಕೆಂಡವಾಗಿತ್ತು.

"ಯೋಚ್ನೆ ಮಾಡ್ಬೇಕಾ? ಮಾಡ್ದೆ. ನೀನೂ ಅವರ ನಾಲಿಗೇಲೇ ಮಾತಾಡೋಕೆ ಕಲ್ತೆ ಅಂತ ಯೋಚ್ನೆ ಮಾಡ್ದೆ. ನನ್ನ ಕೈ ಒಂದನ್ನ ಬೊಂಬೆ ಮಾಡಿ ಮೂಲೇಲಿ ಇಟ್ಕೊಂಡು, ಉಳಿದ ಇನ್ನೂರು ಜನ ಅದೇ ಕೊಳಕಲ್ಲಿ ಕೂಸು ಮುಟ್ಲಿ ಅಂತಾನಾ? ಹೊಳೆಯೋ ಹುಳ ಕೆಲ್ಸಕ್ಕೆ ಬಾರದ್ದು ಅಂತ ಗೊತ್ತಿದ್ದೂ? ಕುಸುಮನ್ನ ಕರೆದು ಹೇಳು ಹೋಗು ಇದನ್ನ. ಹೇಳ್ತೀಯ? ಅಷ್ಟು ಎದೆ ಐತಾ ನಿಂಗೆ?"

ಜಲಜಳಿಗೆ ಇರಲಿಲ್ಲ ಆ ಎದೆ. ಭಾನುವಾರವಿಡೀ ಮೂರನೇ ಲೈನಿನ ಬಾಗಿಲವರೆಗೆ ಹೋಗಿ ಹೋಗಿ ವಾಪಸ್ ಬಂದಳು. ಮೂರನೇ ಸಲ ಕುಸುಮಳೇ ಹೊಸಿಲಲ್ಲಿ ನಿಂತು, "ಏನ್ ಜಲಜಕ್ಕಾ?" ಎಂದಳು. "ಏನಿಲ್ಲ, ಸುಮ್ನೆ," ಎಂದು ಬಂದುಬಿಟ್ಟಳು.

ಸೋಮವಾರ ಬೆಳಗ್ಗೆ ಶೆಡ್ಡಿನ ಮುಂದೆ ಇನ್ನೂರ ಹನ್ನೆರಡು ಹೆಂಗಸರು ಸಾಲಾಗಿ ನಿಂತಿದ್ದರು. ಮ್ಯಾನೇಜರ್ ಜೀಪಿನಿಂದಿಳಿದರು. ವಸುಧಾ ಅವರ ಕೈಯಲ್ಲಿ ಕಾಗದ, ಹೆಬ್ಬೆಟ್ಟಿನ ಶಾಯಿ. ಎಲ್ಲರಿಗಿಂತ ಮೊದಲು ಹೂವಮ್ಮನನ್ನು ಕರೆದರು.

ಅವಳು ಬಂದಳು. ಮೊಣಕೈವರೆಗೆ ಅರಿಸಿನ. ಬೆಳಕು ಹರಿಯುವ ಮೊದಲೇ ಐದನೇ ಲೈನಿನ ಅವಳಿ ಮಕ್ಕಳಿಗೆ ಎರೆದು ಬಂದಿದ್ದಳು. ದೀಪವೇ ಬೇಕಾಗಿರಲಿಲ್ಲ.

"ಹೂವಮ್ಮ, ಇದೇನು?" ಎಂದರು ವಸುಧಾ. "ಜಲಜ ಹೇಳ್ಲಿಲ್ವಾ?"

"ಹೇಳಿದ್ಲು ತಾಯಿ. ಹೆಬ್ಬೆಟ್ಟು ಇಲ್ಲ ಅಂತ ನಿಮಗೆ ಹೇಳೋಕೆ ಬಂದೆ."

ಸುದರ್ಶನರ ಮುಖ ಕಪ್ಪಿಟ್ಟಿತು. "ಸರಿ. ಎಲ್ಲರೂ ನೋಡ್ಕೊಳ್ಳಿ. ಹತ್ತನೇದು. ಬರಿ ಜಲಜ, ಕತ್ತಲು. ಹೆಸರು ಹೊಡಿ."

ಜಲಜ ರಿಜಿಸ್ಟರ್ ತೆಗೆದಳು. ತಾಯಿಯ ಹೆಸರಿನ ಮುಂದೆ ಕತ್ತಲು ಎಂದು ಬರೆದಳು. ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ಹೆಸರಿನ ಮುಂದೆಯೂ ಕತ್ತಲು ಎಂದು ಬರೆದಳು. ಅದರ ಮುಂದಿನದಕ್ಕೂ. ಪುಟ ತಿರುಗಿಸಿ ಬರೆಯುತ್ತಲೇ ಹೋದಳು. ಯಾರ ಕೈಯನ್ನೂ ನೋಡಲಿಲ್ಲ.

"ಏನ್ ಮಾಡ್ತಿದೀಯ ನೀನು?" ಎಂದು ಸುದರ್ಶನ ಕಿರುಚಿದರು. "ಇಡೀ ಎಸ್ಟೇಟ್ ಕತ್ತಲಾ?"

"ಹೌದು ಸಾರ್. ಹೋದ ವರ್ಷದಿಂದ."

ಸುದರ್ಶನ ದೀಪವನ್ನು ಕಿತ್ತುಕೊಂಡು, ಹತ್ತಿರವಿದ್ದ ಕುಸುಮಳ ಮುಂಗೈ ಹಿಡಿದು ಪರದೆಯೊಳಕ್ಕೆ ಎಳೆದರು. ಪರದೆಯನ್ನು ಅರ್ಧ ಸರಿಸಿ, "ನೋಡಿ ಎಲ್ಲರೂ! ಇದು ಕತ್ತಲಾ? ಹೀಗಿರ್ಬೇಕು ಕೈ!" ಎಂದರು. ನೀಲಿಹಸಿರು ಬೆಳಕು ಕುಸುಮಳ ಗಲ್ಲದವರೆಗೂ ಬಿದ್ದಿತ್ತು.

ಆಗ ಜಲಜ ಚೀಲದಿಂದ ಗಾಜಿನ ತಟ್ಟೆ ತೆಗೆದಳು. ಮ್ಯಾನೇಜರಿಗಲ್ಲ, ವಸುಧಾ ಅವರಿಗಲ್ಲ, ಕುಸುಮಳಿಗೇ ಹೇಳಿದಳು.

"ಕುಸುಮಾ, ಇದು ನಿನ್ನ ಕೈ. ಬುಧವಾರ ಒರೆಸ್ಕೊಂಡಿದ್ನಲ್ಲ. ಈ ಬೂದು ಬಣ್ಣದ್ದು ಬಳೆರೋಗ. ನಿನ್ನ ಕೈಯಿನ ಹುಳದ ಮೇಲೇ ಹತ್ತಿ ಕೂತಿದೆ. ಈ ಹುಳ ಹೊಳೆಯೋದಷ್ಟೇ. ಕೊಲ್ಲಲ್ಲ. ತೊಟ್ಟಿಲಿ ಇರೋದೂ ಇದೇ. ಮೇಡಂಗೆ ಹೋದ ವರ್ಷ ಮಳೆಗಾಲಕ್ಕೆ ಮುಂಚೇನೇ ಗೊತ್ತಿತ್ತು. ದೀಪ ಹಿಡಿದು ಬೆಳಕು ಬೆಳಕು ಅಂತ ಬರೆದವಳು ನಾನು."

ಕುಸುಮ ತಟ್ಟೆ ಇಸಿದುಕೊಂಡಳು. ಹೊರಗಿನ ಬೆಳಕಿಗೆ ತಂದು ತಿರುಗಿಸಿ ತಿರುಗಿಸಿ ನೋಡಿದಳು.

"ಮಳೆಗಾಲಕ್ಕೆ ಮುಂಚೆ," ಎಂದಳು ನಿಧಾನವಾಗಿ. "ಹಂಗಾದ್ರೆ ನಾನು ಕೈ ತೊಳ್ಕೊಂಡಿದ್ರೂ ಗಿಡಕ್ಕೇನೂ ಆಗ್ತಿರ್ಲಿಲ್ವಾ?"

ವಸುಧಾ ನೆಲ ನೋಡಿದರು. ಸುದರ್ಶನ ಏನೋ ಹೇಳಲು ಬಾಯಿ ತೆರೆದರು.

"ನಿಮ್ಮನ್ನ ಕೇಳ್ಲಿಲ್ಲ," ಎಂದಳು ಕುಸುಮ. "ಜಲಜಕ್ಕಾ, ನೀನ್ ಹೇಳು. ತೊಳ್ಕೋಬೌದಿತ್ತಾ?"

"ತೊಳ್ಕೋಬೌದಿತ್ತು," ಎಂದಳು ಜಲಜ.

ಕುಸುಮ ತಟ್ಟೆಯನ್ನು ಮೆಲ್ಲಗೆ ಬೆಂಚಿನ ಮೇಲೆ ಇಟ್ಟಳು. ಸ್ಟೀಲ್ ತೊಟ್ಟಿಯ ಹತ್ತಿರ ಹೋಗಿ ಅದರ ಅಂಚಿಗೆ ಎರಡೂ ಕೈ ಕೊಟ್ಟಳು. ಒಬ್ಬಳಿಂದ ಅಲುಗಲಿಲ್ಲ. ಹಿಂದಿನಿಂದ ಇನ್ನೊಬ್ಬಳು ಬಂದಳು, ಮತ್ತೆ ನಾಲ್ವರು, ಆಮೇಲೆ ಯಾರು ಎಷ್ಟು ಎಂದು ತಿಳಿಯಲಿಲ್ಲ. ತೊಟ್ಟಿ ಮಗುಚಿ ಬಿತ್ತು. ಹುಳಿವಾಸನೆಯ ಗಂಜಿ ಮ್ಯಾನೇಜರರ ಬೂಟು ತೋಯಿಸಿ ಚರಂಡಿಗೆ ಹರಿಯಿತು. ಅವರು ಫೋನು ತೆಗೆದು ಯಾರಿಗೋ ಕೂಗಾಡುತ್ತಾ ಜೀಪಿನ ಕಡೆಗೆ ಹೋದರು. ಎಲ್ಲರ ಹೆಸರೂ ಹೊಡೆಯುತ್ತೇನೆ ಎಂದರು. ಹೊಡೆಯಲಿ, ಚಿಗುರು ಯಾರಿಗೂ ಕಾಯುವುದಿಲ್ಲ, ಕೊಯ್ಯುವವರಿಲ್ಲದೆ ವಾರ ಬಿಟ್ಟರೆ ಬಲಿತು ಸೌದೆಯಾಗುತ್ತದೆ. ಜಲಜಳಿಗೆ ಅವರ ಮಾತು ಕಿವಿಗೂ ಬೀಳಲಿಲ್ಲ.

ಅವಳು ನೋಡುತ್ತಿದ್ದದ್ದು ಕುಸುಮಳನ್ನು. ಕುಸುಮ ಹೂವಮ್ಮನ ಮುಂದೆ ಬಂದು ನಿಂತಿದ್ದಳು, ಎರಡೂ ಕೈ ಮುಂದೆ ಚಾಚಿಕೊಂಡು, ಇದು ತನ್ನದಲ್ಲ ಎಂಬಂತೆ.

"ಹೂವಮ್ಮಾ, ತಿಕ್ಕು," ಎಂದಳು.

ಹೂವಮ್ಮ ಸುತ್ತ ನೋಡಿದಳು. ವಾಚ್‌ಮನ್ ಬೆಂಕಿ ಹಾಕಿದ್ದ ಕಡೆ ಬೂದಿಯಿತ್ತು. ಒಂದು ಹಿಡಿ ತಂದಳು. ಕುಸುಮಳನ್ನು ನಲ್ಲಿಯ ಕಟ್ಟೆಯ ಮೇಲೆ ಕೂರಿಸಿ, ತಾನು ಎದುರಿಗೆ ಕಾಲು ಚಾಚಿ ಕೂತು, ಅವಳ ಕೈಗಳನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ತಿಕ್ಕತೊಡಗಿದಳು. ಬೆರಳ ಸಂದಿ, ಉಗುರಿನ ಬುಡ, ಅಂಗೈ, ಮುಂಗೈ, ಯಾವುದನ್ನೂ ಬಿಡಲಿಲ್ಲ. ಕುಸುಮ ಬಾಯಿ ತೆರೆದು ಅತ್ತಳು. ಮಗು ಹೋದ ದಿನ ಅಳದಿದ್ದವಳು ಈಗ ಇಡೀ ಇಳಿಜಾರಿಗೆ ಕೇಳುವ ಹಾಗೆ ಅತ್ತಳು. ಜಲಜ ನಲ್ಲಿ ತಿರುಗಿಸಿ ತಂಬಿಗೆ ತುಂಬಿಸಿ ಕೊಟ್ಟಳು.

ಹೂವಮ್ಮ ನೀರು ಹುಯ್ಯುತ್ತಾ, ಎರೆಯುವಾಗ ಕಿರುಚುವ ಕೂಸುಗಳಿಗೆ ನಲವತ್ತು ವರ್ಷದಿಂದ ಹೇಳುತ್ತಾ ಬಂದದ್ದನ್ನೇ ಹೇಳಿದಳು: "ಆಯ್ತು ಕಂದಾ, ಆಯ್ತು. ಇನ್ನೊಂದೇ ತಂಬಿಗೆ."